ಕ್ಲಾಸ್ ಆ್ಯಕ್ಷನ್ ಸೆಟಲ್‌ಮೆಂಟಿಂದ ಆಪ್ಟ್ ಔಟ್ ಆಗೋದು: ತಿಳಿದವರು ದಯವಿಟ್ಟು ಹೇಳಿ

ಕೇಳಿದವರು, ಸ್ಯಾನ್ ಹೋಸೆ:
ಒಂದು ಕಂಪನಿಯಿಂದ ಗ್ರಾಹಕರ ಮಾಹಿತಿ ಸೋರಿಕೆಯಾಗಿ ಕ್ಲಾಸ್ ಆ್ಯಕ್ಷನ್ ಕೇಸ್ (ತೊಂದರೆಯಾದ ಎಲ್ಲರ ಪರವಾಗಿ ಹಾಕುವ ಒಂದೇ ಕೇಸ್) ಆಗಿತ್ತು. ಈಗ ಸೆಟಲ್‌ಮೆಂಟ್ (ರಾಜಿ) ಅಂತ ನನಗೂ ನಮ್ಮ ಯಜಮಾನರಿಗೂ ಒಂದೊಂದು ಪೋಸ್ಟ್‌ಕಾರ್ಡ್ ಬಂದಿದೆ. ದಾಖಲೆ ಕೊಟ್ಟರೂ ಒಬ್ಬರಿಗೆ ಹೆಚ್ಚೆಂದರೆ 5,000 ಡಾಲರ್. ನಮ್ಮಿಬ್ಬರ ನಷ್ಟ ಸೇರಿ 8,000ದ ಹತ್ತಿರ ಇದೆ. ಆಪ್ಟ್ ಔಟ್ ಆಗಿ, ಅಂದ್ರೆ ಸೆಟಲ್‌ಮೆಂಟಿಂದ ಹೊರಗುಳಿದು, ನಾವೇ ಕೇಸ್ ಹಾಕೋದು ವಾಸಿನಾ? ಕಾಗದ ಹೇಗೆ ಬರೀಬೇಕು?

ಸನಿವೇಲ್‌ನಿಂದ:
ಮೇಡಂ, ಮೊದಲು ಪೋಸ್ಟ್‌ಕಾರ್ಡ್ ಪಕ್ಕಕ್ಕಿಡಿ, ಅದು ಬರೀ ಸಾರಾಂಶ. ಅದರಲ್ಲಿರೋ ವೆಬ್‌ಸೈಟಿನಲ್ಲಿ ಪೂರ್ತಿ ನೋಟಿಸ್ ಮತ್ತು ಸೆಟಲ್‌ಮೆಂಟ್ ಒಪ್ಪಂದ ಎರಡೂ ಇರುತ್ತವೆ. ಒಪ್ಪಂದದಲ್ಲಿ ಎರಡು ಭಾಗ ಓದಿದರೆ ಸಾಕು: ಹೊರಗುಳಿಯುವ ವಿಧಾನ, ಮತ್ತು ಯಾವ ಯಾವ ಹಕ್ಕು ಬಿಟ್ಟುಕೊಡುತ್ತೀರಿ ಅನ್ನೋ ‘ರಿಲೀಸ್’. ಸುಮ್ಮನೆ ಕೂತರೆ ದುಡ್ಡೂ ಇಲ್ಲ, ಕೇಸ್ ಹಾಕೋ ಹಕ್ಕೂ ಇಲ್ಲ. ‘ಮೊತ್ತ ಕಡಿಮೆ ಆಯ್ತು’ ಅಂತ ಜಡ್ಜ್‌ಗೆ ತಕರಾರು ಸಲ್ಲಿಸೋದು ಬೇರೆ ದಾರಿ. ಅದು ಒಳಗೇ ಉಳಿದವರಿಗೆ ಮಾತ್ರ, ಹೊರಗೆ ಹೋದವರಿಗೆ ತಕರಾರು ಮಾಡಲು ಬರೋದಿಲ್ಲ.

ಕೊನೇ ದಿನಾಂಕದ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ಕ್ಲೇಮ್‌ನ (ಪರಿಹಾರಕ್ಕೆ ಅರ್ಜಿ ಹಾಕುವ) ದಿನಾಂಕ ದಪ್ಪ ಅಕ್ಷರದಲ್ಲಿರುತ್ತೆ. ಆಪ್ಟ್ ಔಟ್ ದಿನಾಂಕ ಸಾಮಾನ್ಯವಾಗಿ ಅದಕ್ಕಿಂತ ಮುಂಚೆಯೇ ಮುಗಿದಿರುತ್ತೆ. ಈಕ್ವಿಫ್ಯಾಕ್ಸ್ ಅನ್ನೋ ಕ್ರೆಡಿಟ್ ಮಾಹಿತಿ ಕಂಪನಿಯ ಸೋರಿಕೆ ಕೇಸಲ್ಲಿ ಆಪ್ಟ್ ಔಟ್‌ಗೆ 2019ರ ನವೆಂಬರ್ 19 ಕೊನೆ, ಕ್ಲೇಮ್‌ಗೆ 2020ರ ಜನವರಿ 22. ಫೇಸ್‌ಬುಕ್ಕಿನ 72.5 ಕೋಟಿ ಡಾಲರ್ ಸೆಟಲ್‌ಮೆಂಟಲ್ಲಿ 2023ರ ಜುಲೈ 26 ಮತ್ತು ಆಗಸ್ಟ್ 25.

ಫ್ರೀಮಾಂಟ್‌ನಿಂದ:
ಒಂದು ಲೆಕ್ಕ ತಪ್ಪಿದೆ ಅನ್ನಿಸುತ್ತೆ. ಇಬ್ಬರಿಗೂ ಬೇರೆ ಬೇರೆ ನೋಟಿಸ್ ಬಂದಿದೆ ಅಂದ್ರೆ ಮಿತಿ ತಲಾ 5,000, ಇಬ್ಬರಿಗೂ ಸೇರಿ ಅಲ್ಲ. 8,000ದಲ್ಲಿ ಯಾರ ಖಾತೆಯಿಂದ ಎಷ್ಟು ಹೋಗಿದೆ ಅಂತ ಮೊದಲು ಬಿಡಿಸಿ ನೋಡಿ. ಒಬ್ಬರದ್ದೇ 7,000 ಇದ್ದರೆ ಯೋಚಿಸಿ. ಅರ್ಧರ್ಧ ಇದ್ದರೆ ಆಪ್ಟ್ ಔಟ್ ಮಾಡೋ ಕಾರಣವೇ ಇಲ್ಲ.

ಆದರೆ ಮಿತಿ ಅಂದ್ರೆ ಗ್ಯಾರಂಟಿ ಅಲ್ಲ. ಕ್ಲೇಮ್ ಜಾಸ್ತಿ ಬಂದರೆ ಎಲ್ಲರಿಗೂ ಕಡಿತ. ಈಕ್ವಿಫ್ಯಾಕ್ಸಲ್ಲಿ 125 ಡಾಲರ್ ಅಂತ ಸುದ್ದಿಯಾಗಿತ್ತು. ಆ ಬಾಬ್ತಿಗೆ ಇಟ್ಟಿದ್ದೇ 3.1 ಕೋಟಿ, ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಕೈಗೆ ಬಂದದ್ದು ಚಿಲ್ಲರೆ.

ಹೊರಗೆ ಬಂದರೆ ಪುರಾವೆಯ ಭಾರ ಪೂರ್ತಿ ನಿಮ್ಮ ತಲೆ ಮೇಲೆ. ನಿಮ್ಮ ನಷ್ಟ ಇದೇ ಸೋರಿಕೆಯಿಂದಲೇ ಆಗಿದ್ದು, ಬೇರೆ ಯಾವುದೋ ಸೋರಿಕೆಯಿಂದ ಅಲ್ಲ ಅಂತ ತೋರಿಸಬೇಕು. ಬಹಳ ಕೇಸು ಅಲ್ಲೇ ಬಿದ್ದುಹೋಗುತ್ತವೆ. ಕ್ಯಾಲಿಫೋರ್ನಿಯಾದ ಸ್ಮಾಲ್ ಕ್ಲೇಮ್ಸ್ ಕೋರ್ಟಲ್ಲಿ (ಸಣ್ಣ ಮೊತ್ತದ ಕೇಸುಗಳ ಕೋರ್ಟು) ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ಶುಲ್ಕ 30ರಿಂದ 75, ವಿಚಾರಣೆಯಲ್ಲಿ ಲಾಯರ್ ನಿಲ್ಲುವ ಹಾಗಿಲ್ಲ. ಆದರೆ ಕೇಸ್ ಹಾಕಿದವರು ಸೋತರೆ ಅಪೀಲಿಲ್ಲ. ಕಂಪನಿಯ ಷರತ್ತುಗಳಲ್ಲಿ ಆರ್ಬಿಟ್ರೇಷನ್ ಕಲಮು (ಜಗಳ ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ತೀರಬೇಕು ಅನ್ನೋ ಷರತ್ತು) ಇದೆಯಾ ಅಂತಾನೂ ನೋಡಿ. ಇದ್ದರೆ ಕೋರ್ಟಿನ ಬಾಗಿಲು ಮುಚ್ಚಿದ ಹಾಗೇ. ಎಷ್ಟೋ ಕಲಮುಗಳಲ್ಲಿ ಸ್ಮಾಲ್ ಕ್ಲೇಮ್ಸ್‌ಗೆ ವಿನಾಯಿತಿ ಇರುತ್ತೆ, ಆ ಸಾಲು ಹುಡುಕಿ.

ಡಲ್ಲಾಸ್‌ನಿಂದ:
ಕಾಗದ ಒಂದು ಪುಟ ಸಾಕು. ಕೇಸಿನ ಹೆಸರು, ಕೇಸ್ ನಂಬರ್, ನಿಮ್ಮ ಪೂರ್ತಿ ಹೆಸರು, ಈಗಿನ ವಿಳಾಸ, ಫೋನು, ಕಾರ್ಡಿನ ಮೇಲಿರೋ ನೋಟಿಸ್ ಐಡಿ. ಆಮೇಲೆ ಒಂದೇ ವಾಕ್ಯ: ‘ಐ ರಿಕ್ವೆಸ್ಟ್ ಟು ಬಿ ಎಕ್ಸ್‌ಕ್ಲೂಡೆಡ್ ಫ್ರಮ್ ದ ಸೆಟಲ್‌ಮೆಂಟ್ ಕ್ಲಾಸ್’. ಕೆಳಗೆ ತಾರೀಕು, ಪೆನ್ನಿನಲ್ಲಿ ಸಹಿ. ಕಾರಣ ಬರೆಯುವ ಅಗತ್ಯವಿಲ್ಲ. ‘ಈ ಮೊತ್ತ ಅನ್ಯಾಯ’ ಅಂತೆಲ್ಲ ಸೇರಿಸಿದರೆ ಅದನ್ನು ತಕರಾರು ಅಂತ ಓದಿ ನಿಮ್ಮನ್ನು ಒಳಗೇ ಉಳಿಸಿಕೊಳ್ಳುವ ಅಪಾಯ ಇದೆ. ಕಾಗದ ಹೋಗಬೇಕಾದ್ದು ಸಾಮಾನ್ಯವಾಗಿ ಸೆಟಲ್‌ಮೆಂಟ್ ಅಡ್ಮಿನಿಸ್ಟ್ರೇಟರ್‌ಗೆ (ಕ್ಲೇಮ್, ಕಾಗದಪತ್ರ ನೋಡಿಕೊಳ್ಳುವವರು), ಕೋರ್ಟಿಗಲ್ಲ.

ಕೇಳಿದವರು:
ಥ್ಯಾಂಕ್ಸ್ ಸರ್. ಇಬ್ಬರದೂ ಒಂದೇ ಕಾಗದದಲ್ಲಿ ಬರೆದರೆ ಆಗುತ್ತಾ? ಇಮೇಲ್ ನಡೆಯುತ್ತಾ?

ಡಲ್ಲಾಸ್‌ನಿಂದ:
ಬೇಡ. ಒಟ್ಟಾಗಿ ಕಳಿಸಿದ ಆಪ್ಟ್ ಔಟ್ ಒಪ್ಪೋದಿಲ್ಲ ಅಂತ ಹಲವು ಒಪ್ಪಂದಗಳಲ್ಲಿ ನೇರವಾಗಿ ಬರೆದಿರುತ್ತಾರೆ. ಗಂಡ ಹೆಂಡತಿಯಾದರೂ ಎರಡು ಕಾಗದ, ಎರಡು ಸಹಿ, ಎರಡು ಕವರು. ಇಮೇಲ್ ಅಥವಾ ವೆಬ್‌ಸೈಟ್ ಫಾರ್ಮ್ ನಡೆಯುತ್ತೆ ಅಂತ ನೋಟಿಸಲ್ಲಿ ಇದ್ದರಷ್ಟೇ ನಡೆಯುತ್ತೆ. ಅಂಚೆಯಲ್ಲಾದರೆ ಸರ್ಟಿಫೈಡ್ ಮೇಲ್, ರಿಟರ್ನ್ ರಿಸೀಟ್ ಸಮೇತ. ಪೆಟ್ಟಿಗೆಗೆ ಹಾಕಿ ಬರಬೇಡಿ. ಅಂಚೆ ಮುದ್ರೆ ಮುಂದೆ ವಿಂಗಡಣೆ ಕೇಂದ್ರದಲ್ಲಿ ಬೀಳೋದರಿಂದ ಒಂದೆರಡು ದಿನ ತಡವಾಗಬಹುದು. ಕೌಂಟರಿನಲ್ಲಿ ನಿಂತು ಕೈಮುದ್ರೆ ಹಾಕಿಸಿ, ರಸೀದಿ ಇಟ್ಟುಕೊಳ್ಳಿ.

ಬೆಂಗಳೂರಿನಿಂದ:
ಅಮೆರಿಕ ಬಿಟ್ಟು ಬಂದವರಿಗೆ ಒಂದು ಮಾತು. ನೋಟಿಸ್ ಹಳೇ ವಿಳಾಸಕ್ಕೆ ಹೋಗಿ ತಡವಾಗಿ ಕೈಸೇರುತ್ತೆ, ಕಡೇ ಗಳಿಗೆಯಲ್ಲಿ ಕೊರಿಯರ್ ಕಡೆ ಓಡ್ತಾರೆ. ಅಡ್ಮಿನಿಸ್ಟ್ರೇಟರ್ ವಿಳಾಸ ಹೆಚ್ಚಾಗಿ ಪಿಒ ಬಾಕ್ಸ್. ಅಲ್ಲಿಗೆ ಡಿಎಚ್‌ಎಲ್, ಫೆಡೆಕ್ಸ್ ತಲುಪಿಸೋಕೆ ಆಗಲ್ಲ. ಅಂಚೆ ಕಚೇರಿಯಿಂದಲೇ ಹೋಗಬೇಕು, ಇಲ್ಲಾ ಕೊರಿಯರ್‌ಗೆ ಬೀದಿ ವಿಳಾಸ ಕೊಡಿ ಅಂತ ಅಡ್ಮಿನಿಸ್ಟ್ರೇಟರ್‌ಗೆ ಫೋನ್ ಮಾಡಿ ಕೇಳಬೇಕು. ನೋಟಿಸಲ್ಲಿ ‘ಪೋಸ್ಟ್‌ಮಾರ್ಕ್ ಆಗಿರಬೇಕು’ ಅಂತ ಇದೆಯೋ ‘ತಲುಪಿರಬೇಕು’ ಅಂತ ಇದೆಯೋ ನೋಡಿಕೊಳ್ಳಿ. ಎರಡನೆಯದಾದರೆ ಇಲ್ಲಿಂದ ಎರಡು ಮೂರು ವಾರ ಮುಂಚೆಯೇ ಹೊರಡಬೇಕು.

ನ್ಯೂಜೆರ್ಸಿಯಿಂದ:
ಕಾಲಮಿತಿ, ಅಂದ್ರೆ ಕೇಸ್ ಹಾಕೋಕೆ ಕಾನೂನು ಕೊಡೋ ಅವಧಿ, ಅದರ ಬಗ್ಗೆ ಯಾರೂ ಹೇಳಿಲ್ಲ. ಕ್ಲಾಸ್ ಆ್ಯಕ್ಷನ್ ದಾಖಲಾದ ದಿನದಿಂದ ಅದರಲ್ಲಿ ಸೇರಿದವರ ಕಾಲಮಿತಿ ನಿಂತಿರುತ್ತೆ ಅಂತ ಅಮೆರಿಕದ ಸುಪ್ರೀಂ ಕೋರ್ಟಿನ 1974ರ ಅಮೆರಿಕನ್ ಪೈಪ್ ತೀರ್ಪು. ಹೊರಗೆ ಬಂದವರು ಸ್ವಂತವಾಗಿ ಹಾಕೋ ಕೇಸಿಗೂ ಅದು ಅನ್ವಯಿಸುತ್ತೆ ಅಂತ 1983ರಲ್ಲಿ ಅದೇ ಕೋರ್ಟು ಹೇಳಿತು. ಆದರೆ ಆಪ್ಟ್ ಔಟ್ ಆದ ದಿನದಿಂದ ಎಣಿಕೆ ಮತ್ತೆ ಶುರು. ಮೊದಲೇ ಹೆಚ್ಚು ದಿನ ಕಳೆದಿದ್ದರೆ ಉಳಿದಿರೋದು ಕೆಲವೇ ವಾರ ಇರಬಹುದು. ಇದು ಫೆಡರಲ್ ನಿಯಮ, ರಾಜ್ಯದ ಕಾನೂನಿನಡಿ ಹಾಕುವ ಕೇಸಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಹಾಗಾಗಿ ಆಪ್ಟ್ ಔಟ್ ಕಾಗದ ಕಳಿಸೋ ಮುಂಚೆ ಒಂದು ಗಂಟೆಯ ಮಟ್ಟಿಗಾದರೂ ಲಾಯರಿಗೆ ಫೀಸ್ ಕೊಟ್ಟು ಕೇಳಿ. ನಿಮ್ಮದೇ ಕೇಸಿನ ಕರಡು ಕೈಯಲ್ಲಿ ಇಲ್ಲದೆ ಹೊರಬರೋದು ನನಗಂತೂ ಸರಿ ಕಾಣೋದಿಲ್ಲ.

ಇನ್ನೊಂದು, ಇದನ್ನು ಓದುವ ಐಟಿಯವರಿಗೆ: ಓವರ್‌ಟೈಮ್, ಕನಿಷ್ಠ ವೇತನದ ಫೆಡರಲ್ ಕೇಸುಗಳು ಇದಕ್ಕೆ ಉಲ್ಟಾ. ಅಲ್ಲಿ ಸಹಿ ಹಾಕಿ ಕೊಟ್ಟರೆ ಮಾತ್ರ ನೀವು ಒಳಗೆ.

ಸನಿವೇಲ್‌ನಿಂದ:
ಕಾಗದ ಹೋದ ಮೇಲೂ ಒಂದು ಕೆಲಸ ಇದೆ. ಅಂತಿಮ ವಿಚಾರಣೆಗೆ ಮುಂಚೆ ಅಡ್ಮಿನಿಸ್ಟ್ರೇಟರ್ ಹೊರಗುಳಿದವರ ಪಟ್ಟಿಯನ್ನು ಕೋರ್ಟಿಗೆ ಸಲ್ಲಿಸುತ್ತಾರೆ. ಅದರಲ್ಲಿ ನಿಮ್ಮ ಹೆಸರು ಹುಡುಕಿ. ಇಲ್ಲದಿದ್ದರೆ ಅವತ್ತೇ ಅಡ್ಮಿನಿಸ್ಟ್ರೇಟರ್‌ಗೂ ಕ್ಲಾಸ್ ಪರ ಲಾಯರಿಗೂ ರಸೀದಿಯ ಪ್ರತಿ ಕಳಿಸಿ. ಮನಸ್ಸು ಬದಲಾಗಿದ್ದರೆ ವಾಪಸ್ ಒಳಗೆ ಬರೋಕೆ ಹಲವು ಒಪ್ಪಂದಗಳಲ್ಲಿ ಅವಕಾಶ ಇರುತ್ತೆ, ಅದಕ್ಕೂ ಒಂದು ಕೊನೇ ದಿನಾಂಕ ಇರುತ್ತೆ.