ಮೊದಲ ಮುದ್ರಣ: ಮಂಡಕ್ಕಿ ಅಂಗಡಿ

ಮೇಷ್ಟ್ರು ಮಿರ್ಚಿ ತಟ್ಟೆ ಪಕ್ಕಕ್ಕೆ ಸರಿಸಿ ಚೀಲದಿಂದ ದಪ್ಪನೆಯ ಪುಸ್ತಕ ತೆಗೆದರು. (ದಾವಣಗೆರೆಯಲ್ಲಿ ಮಂಡಕ್ಕಿ ಮುಂದಿಟ್ಟುಕೊಂಡು ಸಾಹಿತ್ಯ ಮಾತಾಡಿದರೆ ಯಾರೂ ಎದ್ದು ಹೋಗುವುದಿಲ್ಲ.)

"ನೋಡಿದೆಯೇನೋ ಕೊಟ್ರೇಶಿ? ಪೇಪರಿನವರೇ ಈಗ ಪುಸ್ತಕ ಹಾಕುತ್ತಿದ್ದಾರೆ. ಭಾನುವಾರದ ಅಂಕಣಗಳೆಲ್ಲ ಒಂದೇ ಕಡೆ. 300 ರೂಪಾಯಿ."

ಕೊಟ್ರೇಶಿ ಎರಡು ಹಾಳೆ ತಿರುವಿದ. "ಇದರ ಮೊದಲ ಮುದ್ರಣ ನಾನು ಇದೇ ಅಂಗಡಿಯಲ್ಲಿ ಓದಿದ್ದೇನೆ ಸಾರ್. ಮಿರ್ಚಿ ಕಟ್ಟಿಕೊಟ್ಟಿದ್ದರು. ಎಣ್ಣೆ ಹತ್ತಿ ಎರಡನೇ ಪ್ಯಾರಾ ಕಂಡಿರಲಿಲ್ಲ."

"ಇದರಲ್ಲಿ ಕಾಣುತ್ತೆ ಬಿಡು."

"ಕಂಡ ಮೇಲೆ ಎಣ್ಣೆಯೇ ವಾಸಿ ಅನ್ನಿಸ್ತಿದೆ."

ಬಸಣ್ಣನದು ಜವಳಿ ಅಂಗಡಿಯ ಲೆಕ್ಕ. "ತಪ್ಪೇನ್ರಿ? ಬರಹ ಮೊದಲೇ ಟೈಪ್ ಆಗಿರುತ್ತೆ. ಊರೂರಿಗೂ ಏಜೆಂಟರಿದ್ದಾರೆ. ಜಾಹೀರಾತು ಸ್ವಂತ ಪೇಪರಲ್ಲೇ, ಪುಕ್ಕಟೆ. ಕಾಗದ ಮಾತ್ರ ಬೇರೆ ತರಿಸಬೇಕು, ನ್ಯೂಸ್‌ಪ್ರಿಂಟ್ ಬೇಗ ಹಳದಿಗೆ ತಿರುಗುತ್ತೆ. ಉಳಿದ ಕಟ್‌ಪೀಸ್ ನಾನು ಮಾರಲ್ವಾ?"

"ವಿಮರ್ಶೆ ಮರೆತಿರಿ ಬಸಣ್ಣ. ಅದೂ ಅದೇ ಪೇಪರಲ್ಲಿ. ಆಮೇಲೆ ವಿಮರ್ಶೆಗಳನ್ನೆಲ್ಲ ಸೇರಿಸಿ ಇನ್ನೊಂದು ಪುಸ್ತಕ."

ಮೇಷ್ಟ್ರಿಗೆ ರೇಗಿತು. "ಪತ್ರಿಕೆಯವರು ಪುಸ್ತಕಕ್ಕೆ ಕೈ ಹಾಕಿದ್ದು ಇವತ್ತಲ್ಲ ಕಣೋ. 1956ರಲ್ಲಿ ಶುರುವಾದ ‘ಕಸ್ತೂರಿ’ ಮಾಸಪತ್ರಿಕೆಯ ಕೊನೆಗೆ ಪುಸ್ತಕ ವಿಭಾಗ ಅಂತಲೇ ಇತ್ತು. ಇಡೀ ಪುಸ್ತಕದ ಸಾರ ಅಷ್ಟು ಪುಟದಲ್ಲಿ! ಲಂಕೇಶರು 1980ರಲ್ಲಿ ವಾರಪತ್ರಿಕೆ ತಂದರು, ‘ಪತ್ರಿಕೆ ಪ್ರಕಾಶನ’ ಅಂತ ಪುಸ್ತಕ ಪ್ರಕಾಶನವನ್ನೂ ನಡೆಸಿದರು. ‘ಸುಧಾ’ದ ಧಾರಾವಾಹಿಗಳು ಎಷ್ಟು ಕಾದಂಬರಿಯಾಗಿಲ್ಲ?"

"‘ಕಸ್ತೂರಿ’ ದಪ್ಪ ಪುಸ್ತಕವನ್ನು ತೆಳ್ಳಗೆ ಮಾಡ್ತಿತ್ತು ಸಾರ್. ಇವರು ತೆಳ್ಳಗಿನ ಅಂಕಣವನ್ನು ದಪ್ಪ ಮಾಡ್ತಾರೆ." ಕೊಟ್ರೇಶಿ ಮೆಣಸಿನಕಾಯಿ ತೊಟ್ಟು ಬಿಸಾಕಿದ. "‘ಸುಧಾ’ ಅಂದಿರಿ ನೋಡಿ, ನಮ್ಮ ಮನೆಯಲ್ಲಿ ಅದರ ಪ್ರಕಾಶಕಿ ನಮ್ಮವ್ವ. ವಾರವಾರ ಧಾರಾವಾಹಿಯ ಹಾಳೆ ಬಿಡಿಸಿ ಇಟ್ಟು, ದಬ್ಬಣದಲ್ಲಿ ತೂತು ಹೊಡೆದು ದಾರ ಹಾಕಿ ಹೊಲಿಯೋಳು. ರಟ್ಟಿಗೆ ಹಳೇ ಕ್ಯಾಲೆಂಡರ್. ಈ ಕಡೆ ನಾಯಕಿ ಅಳುತ್ತಿದ್ದರೆ, ಹಾಳೆ ತಿರುವಿದರೆ ಹಲ್ಲುಪುಡಿ ಜಾಹೀರಾತು."

"ಅದು ಈಗಲೂ ಇದೆಯಾ?"

"ಇದೆ. ಕೊನೆಯ ಕಂತಿಲ್ಲ. ಓದಿ ಕೊಡ್ತೀನಿ ಅಂತ ಒಯ್ದ ಪಕ್ಕದ ಮನೆಯವರಿಗೆ ಹರಿಹರಕ್ಕೆ ವರ್ಗ ಆಯ್ತು."

"ಹರಿಹರ ಇಲ್ಲೇ ಅಲ್ವೇನೋ! ಹೋಗಿ ತರಬಾರದಿತ್ತೇ?"

"ಅವ್ವನೇ ಬೇಡ ಅಂದಳು. ಕೊನೆಯನ್ನು ತಾನೇ ಕಟ್ಟಿ ಹೇಳೋಳು. ಒಮ್ಮೆ ಮದುವೆ ಮಾಡಿಸೋಳು, ಒಮ್ಮೆ ನಾಯಕನನ್ನು ಸಾಯಿಸೋಳು. ಅಪ್ಪನ ಮೇಲೆ ಸಿಟ್ಟಿದ್ದ ದಿನವಂತೂ ಅವನು ಬದುಕಿದ್ದೇ ಇಲ್ಲ."