ಪದ ಬೇಕು: ಪೋಕರ್‌ನ ‘ವ್ಯಾಲ್ಯೂ ಬೆಟ್’ಗೆ ಕನ್ನಡದಲ್ಲಿ ಏನಂತೀರಿ? ಸೋಮವಾರದೊಳಗೆ ಬೇಕು

ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ಪೋಕರ್ ಕಲಿಸೋ ಆ್ಯಪ್ ಒಂದನ್ನ ಕನ್ನಡಕ್ಕೆ ತರೋ ಕೆಲಸ ಒಪ್ಕೊಂಡಿದೀನಿ, ಸೋಮವಾರ ಬೆಳಿಗ್ಗೆ ಫೈಲ್ ಕಳಿಸ್ಬೇಕು. ಮೊದ್ಲೇ ಹೇಳಿಬಿಡ್ತೀನಿ, ಇದು ದುಡ್ಡಿನ ಆಟ ಅಲ್ಲ, ಬರೀ ಲೆಕ್ಕದ ಚಿಪ್ಸ್, ಅಂದ್ರೆ ದುಡ್ಡಿನ ಬದಲು ಇಡೋ ಬಿಲ್ಲೆ. ದುಡ್ಡಿಟ್ಟು ಆಡೋ ಆನ್‌ಲೈನ್ ಆಟಕ್ಕೆ 2025ರ ಆಗಸ್ಟ್‌ನಲ್ಲೇ ಕೇಂದ್ರದ ಕಾಯ್ದೆ ಬಂದು ಬಾಗಿಲು ಬಿದ್ದಿದೆ, ಹಾಗಾಗಿ ಆ ವಿಷಯಕ್ಕೆ ಹೋಗದೆ ದಯವಿಟ್ಟು ಪದ ಕೊಡಿ.

ಮಷೀನ್ ಮಾಡಿಕೊಟ್ಟ ಕರಡು ಹೀಗಿದೆ ನೋಡಿ: ‘ನದಿಯಲ್ಲಿ ನಿಮ್ಮ ಬಳಿ ಬೀಜಗಳಿದ್ದರೆ ಮಡಕೆಯ ಅರ್ಧದಷ್ಟು ಮೌಲ್ಯ ಪಂತ ಮಾಡಿ, ಎದುರಾಳಿ ಮಡಚದೆ ಕರೆ ಮಾಡಲಿ.’ ಇದನ್ನ ಓದಿ ಒಬ್ಬ ಹುಡುಗ ಆಟ ಕಲೀಬೇಕಂತೆ. ರಿವರ್ ಅಂದ್ರೆ ಟೇಬಲ್ ಮೇಲೆ ಬೀಳೋ ಐದನೇ, ಕೊನೇ ಎಲೆ. ನಟ್ಸ್ ಅಂದ್ರೆ ಯಾರೂ ಮೀರಿಸೋಕಾಗದ ಕೈ. ಪಾಟ್ ಅಂದ್ರೆ ನಡುವೆ ಬಿದ್ದಿರೋ ಚಿಪ್ಸ್. ಫೋಲ್ಡ್ ಅಂದ್ರೆ ಎಲೆ ಕೆಳಗಿಡೋದು. ಕಾಲ್ ಅಂದ್ರೆ ಎದುರಿನೋನು ಕಟ್ಟಿದಷ್ಟೇ ನಾವೂ ಹಾಕೋದು. ಇವಕ್ಕೆಲ್ಲ ಹೆಂಗೋ ದಾರಿ ಕಂಡಿದೆ, ಸಿಕ್ಕಾಕ್ಕೊಂಡಿರೋದು ವ್ಯಾಲ್ಯೂ ಬೆಟ್‌ನಲ್ಲಿ.

ನಮ್ಮ ಕೈ ಗಟ್ಟಿ ಇದ್ದಾಗ ನಮಗಿಂತ ಕಮ್ಮಿ ಕೈ ಇರೋನು ಬಂದು ಚಿಪ್ಸ್ ಹಾಕ್ಲಿ ಅಂತಲೇ ಕಟ್ಟೋದು ವ್ಯಾಲ್ಯೂ ಬೆಟ್. ಬ್ಲಫ್ ಇದಕ್ಕೆ ಉಲ್ಟಾ, ನಮಗಿಂತ ದೊಡ್ಡ ಕೈ ಇರೋನು ಹೆದರಿ ಎಲೆ ಇಟ್ಟುಬಿಡ್ಲಿ ಅಂತ ಕಟ್ಟೋದು. ಈ ಅಧ್ಯಾಯ ಪೂರ್ತಿ ‘ಎಷ್ಟು ಕಟ್ಟಬೇಕು’ ಅನ್ನೋದ್ರ ಮೇಲಿದೆ. ಅದರಲ್ಲಿರೋ ಥರದ ಉದಾಹರಣೆ ಕೊಡ್ತೀನಿ: ನಮ್ಮ ಕೈಲಿ ಎರಡು ಎಂಟು, ಟೇಬಲ್ ಮೇಲೆ ರಾಜ, ಎಂಟು, ಮೂರು, ಅಂದ್ರೆ ನಮಗೆ ಮೂರು ಎಂಟು ಕೂಡಿ ಕೈ ಗಟ್ಟಿ. ಎದುರಿನೋನ ಹತ್ರ ಒಂದು ರಾಜ ಇದೆ, ಅವನು ಅಷ್ಟು ಸುಲಭಕ್ಕೆ ಬಿಡಲ್ಲ. ನಡುವೆ 100 ಚಿಪ್ಸ್, ಇಬ್ಬರ ಮುಂದೂ 1300. ಈಗೊಂದು, ನಾಲ್ಕನೇ ಎಲೆಗೊಂದು, ಕೊನೇ ಎಲೆಗೊಂದು ಅಂತ ಮೂರು ಸುತ್ತೂ ಪಾಟ್‌ನ ಅರ್ಧರ್ಧ ಕಟ್ಟುತ್ತಾ, ಅವನೂ ಅಷ್ಟಷ್ಟೇ ಹಾಕುತ್ತಾ ಹೋದ್ರೆ 50, 100, 200, ಒಟ್ಟು ಅವನಿಂದ ಬರೋದು 350. ಪಾಟ್‌ನಷ್ಟೇ ಕಟ್ಟುತ್ತಾ ಹೋದ್ರೆ 100, 300, 900, ಅವನ 1300 ಪೂರ್ತಿ ಒಳಗೆ. ಅದೇ ಕೈ, ಅದೇ ಎಲೆ, ಕಟ್ಟಿದ ಅಳತೆ ಮಾತ್ರ ಬೇರೆ. ಅವನು ಮೂರು ಸಲಾನೂ ಹಾಕ್ಬೇಕು ಅಷ್ಟೇ, ಆ ‘ಅಷ್ಟೇ’ಗೇ ಈ ಅಧ್ಯಾಯ ಇರೋದು.

ಬಟನ್ ಮೇಲೂ ಕೂರಬೇಕು ಈ ಪದ, ಫೋನಿನ ಸ್ಕ್ರೀನಲ್ಲಿ ಏಳೆಂಟು ಅಕ್ಷರಕ್ಕಿಂತ ಜಾಗ ಇಲ್ಲ.

* * *

ಮರು:

ಮೌಲ್ಯಪಣ. ಇದರಲ್ಲಿ ಚರ್ಚೆಗೆ ಏನಿದೆ? ಎರಡೂ ಸಂಸ್ಕೃತ, ಸಮಾಸ ಶುದ್ಧ.

* * *

ಮರು:

> ಮೌಲ್ಯಪಣ

ಬೇಡ. ಮೌಲ್ಯ ಅಂದ್ರೆ ಇವತ್ತು ಯಾರಿಗೂ ಬೆಲೆ ಹೊಳೆಯಲ್ಲ, ನೈತಿಕ ಮೌಲ್ಯ, ಶಾಲೆ ಭಾಷಣ ಹೊಳೆಯುತ್ತೆ. ಎಲೆಯಾಟದ ಬಟನ್ ಮೇಲೆ ಅದನ್ನ ಬರೆಯೋದಾ?

ಬೆಟ್‌ಗೆ ಕನ್ನಡದ್ದೇ ಪದ ಇದೆ, ಒಡ್ಡು. ಹಳಗನ್ನಡದಿಂದಲೂ ಜೂಜಿನ ಪಣಕ್ಕೆ ಒಡ್ಡ, ಒಡ್ಡು ಅಂತ ಬಂದಿದೆ. ತಮಿಳಲ್ಲಿ ಒಟ್ಟು, ತೆಲುಗಲ್ಲಿ ಒಡ್ಡು, ಬೇರು ಒಂದೇ. ಈಗಲೂ ‘ಪ್ರಾಣ ಪಣಕ್ಕೊಡ್ಡಿದ’ ಅಂತೀವಲ್ಲ, ಅಲ್ಲಿ ಅರ್ಥ ಹೊತ್ತಿರೋದು ಒಡ್ಡು, ಪಣ ಸುಮ್ನೆ ಪಕ್ಕದಲ್ಲಿ ನಿಂತಿರೋದು. ವ್ಯಾಲ್ಯೂಗೆ ಬೆಲೆ. ಬೆಲೆಯೊಡ್ಡು. ತಮಿಳಿನ ವಿಲೈ ನಮ್ಮ ಬೆಲೆ, ವಕಾರ ಬಕಾರ ಆಗಿದ್ದು ಇಲ್ಲಿರೋ ಎಲ್ರಿಗೂ ಗೊತ್ತಿರೋದೇ. ಅಚ್ಚಗನ್ನಡದಲ್ಲಿ ಆಗುತ್ತೆ ಅಂದ್ಮೇಲೆ ಬೇರೆ ಕಡೆ ಕೈಯೊಡ್ಡೋದು ಯಾಕೆ?

* * *

ಮರು:

ಚಿತ್ರದುರ್ಗದಿಂದ. ಒಡ್ಡು ನಮ್ ಕಡೆ ಆಗಲ್ಲ ಸಾರ್. ನಮ್ಮೂರಲ್ಲಿ ಒಡ್ಡು ಅಂದ್ರೆ ಹೊಲದ ಒಡ್ಡು, ಮಳೆ ನೀರು ನಿಲ್ಲಲಿ ಅಂತ ಮಣ್ಣು ಏರಿಸಿ ಹಾಕೋದು. ಹೊಸದುರ್ಗ, ಹಿರಿಯೂರು ಕಡೆ ಹೋಗಿ ‘ಅರ್ಧ ಒಡ್ಡು ಹಾಕು’ ಅನ್ನಿ, ಗುದ್ಲಿ ತಗೊಂಡು ಬರ್ತಾರೆ. ಹಳಗನ್ನಡದಲ್ಲಿ ಇರಬಹುದು, ನಾನು ಇಲ್ಲ ಅಂತಿಲ್ಲ, ಆದ್ರೆ ಈ ಪದ ಓದೋನು ಈಗಿನ ಹುಡುಗ.

ನನ್ ಪ್ರಕಾರ ನೀವು ಬೆಟ್‌ನ ಹಿಂದೆ ಬಿದ್ದಿರೋದೇ ತಪ್ಪು, ಬೆಟ್‌ಗೆ ಬಾಜಿ ಇದೆ, ಎಲ್ರಿಗೂ ಗೊತ್ತು, ಬಾಜಿ ಕಟ್ಟೋದು. ಪದ ಬೇಕಾಗಿರೋದು ವ್ಯಾಲ್ಯೂಗೆ, ಅದು ಬೆಲೆಯೂ ಅಲ್ಲ ಮೌಲ್ಯವೂ ಅಲ್ಲ, ಅದು ಗಿಟ್ಟೋದು.

ನಮ್ಮಪ್ಪ ದನದ ಜಾತ್ರೇಲಿ ಹೋರಿ ಮಾರೋವಾಗ ನಾನು ಪಕ್ಕದಲ್ಲಿ ನಿಂತಿರ್ತಿದ್ದೆ. ಟವೆಲ್ ಮುಚ್ಚಿ ಒಳಗೆ ಬೆರಳು ಹಿಡಿದು ಬೆಲೆ ಹೇಳೋದು, ಹೊರಗಿನೋರಿಗೆ ಕಾಣಲ್ಲ. ಒಂದ್ಸಲ ಒಬ್ಬ ಗಿರಾಕಿ ಹೋರಿ ಹಲ್ಲು ನೋಡ್ದ, ಸುತ್ತು ಬಂದ, ತಿರುಗಿ ಬಂದು ಮತ್ತೆ ಹಲ್ಲು ನೋಡ್ದ. ಅಪ್ಪ ಅದನ್ನ ನೋಡಿದೋರು ಟವೆಲ್ ಒಳಗೆ ಇನ್ನೊಂದು ಬೆರಳು ಒತ್ತಿದ್ರು. ಗಿರಾಕಿ ಮುಖ ಗಂಟಾಯ್ತು, ಆದ್ರೆ ಕೈ ಬಿಡ್ಲಿಲ್ಲ. ಎರಡು ಬೆರಳು ಒತ್ತಿದ್ರೆ ಬಿಟ್ಟು ಹೋಗ್ತಿದ್ದ. ಮನೆಗೆ ಬಂದು ಅಪ್ಪ ಹೇಳಿದ್ದು ಒಂದೇ ಮಾತು, ‘ಇವತ್ತು ಗಿಟ್ತು.’ ಹೋರಿ ಚೆನ್ನಾಗಿತ್ತು ಅನ್ನೋದು ಅವರಿಗೆ ಮೊದ್ಲೇ ಗೊತ್ತು, ಆದ್ರೆ ಚೆನ್ನಾಗಿರೋ ಹೋರಿಗೆ ತಕ್ಕಷ್ಟು ಬಂತಾ ಅನ್ನೋದು ಬೇರೆ ಪ್ರಶ್ನೆ. ಗಟ್ಟಿ ಕೈ ಸಿಕ್ಕೋನ ಪ್ರಶ್ನೇನೂ ಅದೇ ತಾನೆ?

ಗಿಟ್ಟುಬಾಜಿ. ಬಟನ್‌ಗೂ ಸಾಕು.

* * *

ಮರು:

ಗಿಟ್ಟು ತೆಲುಗು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ನುಸುಳಿರೋದು, ಅವರು ‘ಗಿಟ್ಟುಬಾಟು ಧರ’ ಅಂತಾರೆ. ಬಾಜಿ ಪಾರ್ಸಿ. ಎರಡನ್ನೂ ಅಂಟಿಸಿದ್ರೆ ಕನ್ನಡ ಆಗಲ್ಲ. ಮೇಲಾಗಿ ಇದು ಅರಿಸಮಾಸ, ಬೇರೆ ಬೇರೆ ಭಾಷೆಯ ಪದ ಬೆಸೆದ ದೋಷ.

* * *

ಮರು:

ಮತ್ತೆ ಚಿತ್ರದುರ್ಗದಿಂದ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗ್ಬೇಡಿ.

ಗಿಟ್ಟು ತೆಲುಗಿನದು ಅಂತ ಒಂದೇ ಸಾಲಲ್ಲಿ ತಳ್ಳಿಹಾಕೋಕೆ ಆಗಲ್ಲ. ಮಲಯಾಳದೋರು ದಿನಕ್ಕೆ ನೂರು ಸಲ ‘ಕಿಟ್ಟಿ’ ಅಂತಾರೆ, ಸಿಕ್ತು ಅಂತ. ತಮಿಳಲ್ಲೂ ಕಿಟ್ಟು ಇದೆ. ಅವರಲ್ಲಿ ಕಕಾರ, ನಮ್ಮಲ್ಲೂ ತೆಲುಗಲ್ಲೂ ಗಕಾರ. ನಾಲ್ಕು ಮನೆಯಲ್ಲೂ ಇರೋ ಪಾತ್ರೆನ ಪಕ್ಕದ ಮನೆಯಿಂದ ಕದ್ದಿದ್ದು ಅಂದ್ರೆ ಹೆಂಗೆ? ತೆಲುಗಿನ ಗಿಟ್ಟುಬಾಟು ಧರ ಅಂದ್ರೆ ರೈತನಿಗೆ ಕೈ ಹತ್ತೋ ಬೆಲೆ, ಅದು ನನ್ನ ಮಾತಿಗೇ ಸಾಕ್ಷಿ ಆಯ್ತು. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತಂದೋನು ‘ಈ ರೇಟಿಗೆ ಗಿಟ್ಟಲ್ಲ’ ಅಂದಾಗ ಅವನಿಗೆ ತೆಲುಗು ಬರುತ್ತಾ?

ಇನ್ನು ಗಿಟ್ಟು ಅನ್ನೋದ್ರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದಕ್ಕೇ ನಾನು ಹಠ ಹಿಡೀತಿರೋದು. ಬೆಲೆ ಅಂದ್ರೆ ಒಂದು ಸಲ ಕೇಳಿದ ಮೊತ್ತ. ಗಿಟ್ಟೋದು ಅಂದ್ರೆ ಕೊನೆಗೆ ಕೈಗೆ ಬಂದದ್ದು. ನೂರು ಚಿಪ್ಸ್ ಇರೋ ಕಡೆ 50 ಕಟ್ಟಿದ್ರೆ ಹತ್ತರಲ್ಲಿ ಎಂಟು ಸಲ ಎದುರಿನೋನು ಹಾಕ್ತಾನೆ ಅಂದ್ಕೊಳ್ಳಿ, ಬರೋದು 400. 100 ಕಟ್ಟಿದ್ರೆ ಐದೇ ಸಲ ಹಾಕ್ತಾನೆ, ಆದ್ರೂ ಬರೋದು 500. ಜಾಸ್ತಿ ಸಲ ಹಾಕಿದ್ದು ಸಣ್ಣದಕ್ಕೆ, ಗಿಟ್ಟಿದ್ದು ದೊಡ್ಡದಕ್ಕೆ. ಅದೇ 100ಕ್ಕೆ ಮೂರೇ ಸಲ ಹಾಕೋ ಮನುಷ್ಯ ಎದುರಿಗಿದ್ರೆ ಲೆಕ್ಕ ತಿರುಗಿಬೀಳುತ್ತೆ, 300 ಅಷ್ಟೇ, ಅವನಿಗೆ 50 ಕಟ್ಟೋದೇ ಸರಿ. ಎದುರಿನೋನ ಕಡೆಯಿಂದ ನೋಡಿದ್ರೂ ಅಷ್ಟೇ, ಅರ್ಧ ಕಟ್ಟಿದ್ರೆ ಅವನು ನಾಲ್ಕರಲ್ಲಿ ಒಂದು ಸಲ ಗೆದ್ರೂ ಅವನಿಗೆ ಲುಕ್ಸಾನಿಲ್ಲ, ಪೂರ್ತಿ ಕಟ್ಟಿದ್ರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕು. ಅವನಿಗೂ ಗಿಟ್ಟೋ ಹಂಗೆ ಕಾಣಬೇಕು, ನಮಗೂ ಗಿಟ್ಟಬೇಕು. ಬೆಲೆಯೊಡ್ಡು ಇದನ್ನೆಲ್ಲ ಹೇಳುತ್ತಾ?

ಅರಿಸಮಾಸದ ಮಾತು: ಗಿಟ್ಟುಬಾಜಿ ಬೇಡ ಅಂದ್ರೆ ‘ಗಿಟ್ಟುವ ಬಾಜಿ’ ಅನ್ನಿ. ಅದು ಗಮಕ ಸಮಾಸ. ಗಮಕಕ್ಕೆ ಅರಿ ದೋಷ ಇಲ್ಲ.

* * *

ಮರು:

ಗಮಕ ಅಂದ್ಬಿಟ್ರೆ ಎಲ್ಲ ಪಾಪ ಪರಿಹಾರ ಆಗಲ್ಲ. ಬಾಜಿ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಬರಲಿಲ್ಲ. ಹೀಗೇ ಒಂದೊಂದಾಗಿ ಬಿಟ್ಕೊಡ್ತಾ ಹೋದ್ರೆ ನಾಳೆ ಕ್ರಿಯಾಪದ ಮಾತ್ರ ಕನ್ನಡದ್ದು ಉಳಿಯುತ್ತೆ, ಈಗಾಗಲೇ ‘ಕಾಲ್ ಮಾಡು, ಫೋಲ್ಡ್ ಮಾಡು, ಬೆಟ್ ಮಾಡು’ ಅಲ್ಲಿಗೇ ಬಂದಿದೀವಿ. ಆಂಡಯ್ಯ ಹದಿಮೂರನೇ ಶತಮಾನದಲ್ಲೇ ಸಂಸ್ಕೃತ ಪದ ಬಿಟ್ಟು ಕಾವ್ಯ ಬರೆದ, ನಮಗೆ ಒಂದು ಬಟನ್ ಬರೆಯೋಕಾಗಲ್ವಾ?

* * *

ಮರು:

ಆಂಡಯ್ಯ ತತ್ಸಮ ಬಿಟ್ಟ, ತದ್ಭವ ಬಿಡಲಿಲ್ಲ. ಅರ್ಧ ಉದಾಹರಣೆ ಕೊಡ್ಬೇಡಿ.

ಎಲೆಯಾಟದಲ್ಲಿ ಅಚ್ಚಗನ್ನಡ ಹುಡುಕ್ತೀರಾ? ಇಸ್ಪೀಟು ಪೋರ್ಚುಗೀಸರ ಎಸ್ಪಾದದಿಂದ ಬಂದಿದ್ದು, ಅವರಲ್ಲಿ ಕತ್ತಿ ಅಂತ. ಕಳಾವರ್ ಡಚ್ಚರ ಕ್ಲಾವರ್. ನಮ್ಮ ಅಜ್ಜಂದಿರು ಇವನ್ನ ನಾಲಿಗೆಗೆ ಒಗ್ಗಿಸ್ಕೊಂಡು, ಎಲೆ, ಕೈ, ಕಟ್ಟು, ಹಾಕು, ಇಳಿಸು ಅನ್ನೋ ನಮ್ಮವನ್ನೂ ಪಕ್ಕಕ್ಕಿಟ್ಕೊಂಡು ಆಡಿದ್ರು, ಯಾರೂ ಸಮಿತಿ ಮಾಡ್ಲಿಲ್ಲ. ದಾವಣಗೆರೆಯೋರು ಕೇಳ್ತಿದಾರೆ ಅಂತ ಅಲ್ಲಿಂದಲೇ ಹೇಳ್ತೀನಿ, ಮಂಡಕ್ಕಿ ಭಟ್ಟಿ. ಮಂಡಕ್ಕಿ ನಮ್ಮದು, ಭಟ್ಟಿ ಉತ್ತರದಿಂದ ಬಂದಿದ್ದು. ಅರಿಸಮಾಸ ಅಂತ ಆ ಏರಿಯಾದ ಹೆಸರು ಬದಲಾಯಿಸ್ತೀರಾ?

ಇನ್ನೊಂದು, ಪಾಟ್‌ಗೆ ಯಾರಾದ್ರೂ ‘ರಾಶಿ’ ಅನ್ನೋಕೆ ಮುಂಚೆ ಹೇಳ್ತೀನಿ, ಚನ್ನಗಿರಿ, ಭೀಮಸಮುದ್ರದ ಕಡೆ ರಾಶಿ ಅಂದ್ರೆ ಅಡಿಕೆ. ಗುಡ್ಡೆ ಅನ್ನಿ. ಅರ್ಧ ಗುಡ್ಡೆ, ಮುಕ್ಕಾಲು ಗುಡ್ಡೆ, ಪೂರ್ತಿ ಗುಡ್ಡೆ. ಬಾಯಲ್ಲಿ ನಿಲ್ಲುತ್ತೆ.

* * *

ಮರು:

> ಯಾರೂ ಸಮಿತಿ ಮಾಡ್ಲಿಲ್ಲ

ಅದಕ್ಕೇ ಈ ಗತಿ. ಈ ಎಳೆಯಲ್ಲಿ ನನ್ನದು ಇಷ್ಟೇ. ಒಡ್ಡು.

* * *

ಮರು:

ಕೇಳಿದೋನು ನಾನೇ, ದಾವಣಗೆರೆ. ಎಲ್ರಿಗೂ ಥ್ಯಾಂಕ್ಸ್, ನಿನ್ನೆ ರಾತ್ರಿ ಕೂತು ಫೈಲ್ ಪೂರ್ತಿ ತಿದ್ದಿದೆ.

ಹೋರಿ ಮಾರಿದ ಮೇಲ್ ಓದಿದ ಮೇಲೆ ನಂಗೆ ಬೇರೆ ಪದ ಬರೆಯೋಕೆ ಕೈ ಬರಲಿಲ್ಲ. ಪಠ್ಯದೊಳಗೆ ‘ಗಿಟ್ಟುವ ಬಾಜಿ’ ಅಂತ ಹಾಕಿದೀನಿ. ಬಟನ್‌ಗೆ ಅದು ಉದ್ದ ಆಯ್ತು, ಸ್ಕ್ರೀನಲ್ಲಿ ‘ಬಾಜಿ’ ಅರ್ಧಕ್ಕೇ ಕತ್ತರಿಸಿ ಹೋಗ್ತಿತ್ತು, ಅಲ್ಲಿ ಬರೀ ‘ಗಿಟ್ಟಿಸು’. ಅಧ್ಯಾಯದ ಹೆಸರು ‘ಗಟ್ಟಿ ಕೈಲಿ ಎಷ್ಟು ಕಟ್ಟಿದ್ರೆ ಗಿಟ್ಟುತ್ತೆ’. ಪಾಟ್‌ಗೆ ಗುಡ್ಡೆ, ಫೋಲ್ಡ್‌ಗೆ ಎಲೆ ಇಡು, ರಿವರ್‌ಗೆ ಕೊನೇ ಎಲೆ. ಬ್ಲಫ್‌ಗೆ ಬುರುಡೆ ಅಂತ ಬರೆದೆ, ಯಾರೂ ಬೇಡ ಅನ್ನಲ್ಲ ಅಂದ್ಕೊಂಡಿದೀನಿ. ಕಾಲ್‌ಗೆ ‘ಸರಿಗಟ್ಟು’, ಎದುರಿನೋನು ಕಟ್ಟಿದಷ್ಟೇ ಕಟ್ಟೋದು ತಾನೆ ಅದು, ಅರ್ಥಕ್ಕೂ ಕೂತ್ಕೊಂತು, ಕಟ್ಟು ಅನ್ನೋದೂ ಒಳಗೇ ಇದೆ.

ಮಷೀನಿನ ಆ ವಾಕ್ಯ ಈಗ ಹೀಗಿದೆ: ‘ಕೊನೇ ಎಲೆ ಬಿದ್ದ ಮೇಲೆ ನಿಮ್ಮದೇ ದೊಡ್ಡ ಕೈ ಆಗಿದ್ದರೆ ಅರ್ಧ ಗುಡ್ಡೆ ಕಟ್ಟಿ, ಎದುರಿನವರು ಎಲೆ ಇಡದೆ ಸರಿಗಟ್ಟಲಿ.’

ಒಂದೇ ಒಂದು ಉಳಿದಿದೆ, ‘ಥಿನ್ ವ್ಯಾಲ್ಯೂ’. ಕೈ ಅಷ್ಟೇನೂ ಗಟ್ಟಿ ಇಲ್ಲ, ಆದ್ರೂ ಎದುರಿನೋನ ಕೈ ಇನ್ನೂ ಸ್ವಲ್ಪ ಕಮ್ಮಿ ಅನಿಸಿ ಸಣ್ಣದಾಗಿ ಕಟ್ಟೋದು. ‘ತೆಳು ಗಿಟ್ಟು’ ಅಂತ ಬರೆದು ಎರಡು ಸಲ ಅಳಿಸಿದೀನಿ. ಇವತ್ತು ರಾತ್ರಿ ಹನ್ನೊಂದರೊಳಗೆ ಯಾರಾದ್ರೂ ಹೇಳಿದ್ರೆ ಸೇರಿಸ್ತೀನಿ.