ಭಾನುವಾರದ ಮೈಸೂರು ಅರಮನೆ ಫೋಟೊ: ದೀಪಗಳೆಲ್ಲ ಬೆಳ್ಳಗೆ ಹರಡಿಕೊಂಡಿವೆ, ಎಲ್ಲಿ ತಪ್ಪಾಯ್ತು?

ಹವ್ಯಾಸಿ_ಮಂಡ್ಯ:
ಡಿಸೆಂಬರ್ ಭಾನುವಾರ, ಸಂಜೆ 7.20. ಕ್ರಾಪ್ ಸೆನ್ಸರ್ ಕ್ಯಾಮೆರಾ, 18–55 ಕಿಟ್ ಲೆನ್ಸ್. 18 ಎಂಎಂ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/3.5, ಶಟರ್ 1/15 ಸೆಕೆಂಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 3200, ಆಟೊ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ ಕ್ಯಾಮೆರಾದ್ದೇ), ಜೆಪೆಗ್, ಟ್ರೈಪಾಡ್ ಇಲ್ಲ. ಮೂರು ತೊಂದರೆ ನನಗೇ ಕಾಣ್ತಿವೆ: ಕಮಾನುಗಳ ಹತ್ತಿರ ಬಲ್ಬುಗಳು ಬಿಡಿಬಿಡಿಯಾಗಿ ಕಾಣದೆ ಬಿಳಿ ಪಟ್ಟಿ ಆಗಿವೆ, ಆಕಾಶ ಬರೀ ಕಪ್ಪು, ಎರಡೂ ಬದಿಯ ಗುಮ್ಮಟಗಳು ಒಳಕ್ಕೆ ವಾಲಿವೆ. ಆಕಾಶದಲ್ಲಿ ಹಸಿರು ಚುಕ್ಕಿಗಳೂ ಇವೆ, ಅವು ಏನು ಅಂತ ಗೊತ್ತಾಗಲಿಲ್ಲ. ಶೀರ್ಷಿಕೆ: ‘600 ವರ್ಷಗಳ ಅರಮನೆ’. ಮುಲಾಜಿಲ್ಲದೆ ಹೇಳಿ.

ಮಂದಬೆಳಕು:
ಮೊದಲು ಚೆನ್ನಾಗಿರೋದು. ಮುಂಭಾಗ ಪೂರ್ತಿ ಬಂದಿದೆ, ಬಲತುದಿಯ ಗುಮ್ಮಟದ ಆಚೆಗೂ ಒಂದಿಷ್ಟು ಜಾಗ ಬಿಟ್ಟಿದ್ದೀರಿ. ತಿದ್ದುವಾಗ ಆ ಜಾಗ ಕೆಲಸಕ್ಕೆ ಬರುತ್ತೆ. ಫೋಕಸ್ ಕೂಡ ಸರಿಯಾಗಿ ಕೂತಿದೆ.

ಬಿಳಿ ಪಟ್ಟಿಗೆ ಕಾರಣ ಓವರ್ ಎಕ್ಸ್‌ಪೋಷರ್, ಅಂದರೆ ಬೆಳಕು ಅತಿಯಾದದ್ದು. ಫ್ರೇಮಿನ ಅರ್ಧದಷ್ಟು ಕಪ್ಪು ಆಕಾಶ, ಕತ್ತಲೆಯ ನೆಲ. ಕ್ಯಾಮೆರಾದ ಮೀಟರ್ ಇವೆಲ್ಲದರ ಸರಾಸರಿ ತೆಗೆದು ‘ಬೆಳಕು ಸಾಲದು’ ಅಂತ ಲೆಕ್ಕ ಹಾಕಿ ಐಎಸ್‌ಒ ಏರಿಸಿದೆ. ಒಂದು ಲಕ್ಷದ ಹತ್ತಿರ ಬಲ್ಬುಗಳು ಉರಿಯುವ ಕಟ್ಟಡಕ್ಕೆ ಅದೇ ಅಪರ್ಚರ್, ಅದೇ ಶಟರ್‌ನಲ್ಲಿ ಐಎಸ್‌ಒ 400 ಸಾಕಿತ್ತು. ಅಂದರೆ ಮೂರು ಸ್ಟಾಪ್ ಹೆಚ್ಚಾಗಿದೆ (ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟು). ಜೆಪೆಗ್‌ನಲ್ಲಿ ಹೀಗೆ ಸುಟ್ಟುಹೋದ ಬಿಳುಪು ಮತ್ತೆ ಸಿಗೋದಿಲ್ಲ. ಮುಂದಿನ ಸಲ ರಾ (ಸೆನ್ಸರಿನ ಮೂಲ ಮಾಹಿತಿ ಉಳಿಸುವ ಫೈಲ್) ಇಟ್ಟುಕೊಳ್ಳಿ.

ಸೆಟ್ಟಿಂಗ್ ನೀವೇ ಆರಿಸುವ ಮ್ಯಾನುಯಲ್ ಮೋಡ್‌ಗೆ ಬನ್ನಿ. ಕ್ಯಾಮೆರಾ ಅಲುಗಾಡದ ಹಾಗೆ ಇಡೋಕೆ ಆದರೆ ಐಎಸ್‌ಒ 100, ಎಫ್/8, 1 ಸೆಕೆಂಡ್‌ನಿಂದ ಶುರು ಮಾಡಿ. ಕೈಯಲ್ಲೇ ಆದರೆ ಐಎಸ್‌ಒ 800, ಎಫ್/4, 1/30. ಒಂದು ಫ್ರೇಮ್ ತೆಗೆದು, ಸುಟ್ಟುಹೋದ ಬಿಳುಪನ್ನು ಪರದೆಯಲ್ಲಿ ಮಿಣುಕಿಸಿ ತೋರಿಸುವ ಹೈಲೈಟ್ ಎಚ್ಚರಿಕೆ ನೋಡಿ: ಬಲ್ಬುಗಳಷ್ಟೇ ಮಿಣುಕಿದರೆ ಸರಿ, ಗೋಡೆಯೂ ಮಿಣುಕಿದರೆ ಒಂದು ಸ್ಟಾಪ್ ಇಳಿಸಿ. ವೈಟ್ ಬ್ಯಾಲೆನ್ಸ್ 3200ರಿಂದ 3500 ಕೆಲ್ವಿನ್. ಇನ್ನೂ ಇಳಿಸಿದರೆ ದೀಪದ ಹೊಂಬಣ್ಣ ಸತ್ತು ಟ್ಯೂಬ್‌ಲೈಟ್ ಥರ ಆಗುತ್ತೆ.

ಆಕಾಶದ ವಿಷಯಕ್ಕೆ ಸೆಟ್ಟಿಂಗ್ ಏನೂ ಮಾಡಲಾರದು, ಕ್ಯಾಲೆಂಡರ್ ನೋಡಬೇಕು. ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ದೀಪ ಹತ್ತೋದು 7ಕ್ಕೆ. ಡಿಸೆಂಬರ್‌ನಲ್ಲಿ ಮೈಸೂರಲ್ಲಿ ಸೂರ್ಯ ಮುಳುಗೋದು 6ರ ಸುಮಾರಿಗೆ, 7ರ ಹೊತ್ತಿಗೆ ಸಂಜೆ ಆಕಾಶದ ನೀಲಿ ಮುಗಿದು ಅರ್ಧ ಗಂಟೆ ಕಳೆದಿರುತ್ತೆ. ಜೂನ್, ಜುಲೈನಲ್ಲಿ ಸೂರ್ಯಾಸ್ತ 6.50ರ ಆಸುಪಾಸು. ಆಗ 7.05ರಿಂದ 7.20ರವರೆಗೆ ಆಕಾಶದ ನೀಲಿಯೂ ದೀಪವೂ ಒಂದೇ ತೂಕಕ್ಕೆ ಬರುತ್ತವೆ. ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಪಡುವಣದ ಉಳಿದ ಬೆಳಕು ಅದರ ಬೆನ್ನ ಹಿಂದೆಯೇ ಇರುತ್ತೆ. ಮೋಡ ಇದ್ದರೂ ಹೋಗಿ, ಮಳೆ ನಿಂತ ಮೇಲೆ ನೆಲದ ಮೇಲಿನ ನೀರಲ್ಲಿ ಇಡೀ ದೀಪಾಲಂಕಾರದ ಪ್ರತಿಬಿಂಬ ಸಿಗುತ್ತೆ. ಕ್ಯಾಮೆರಾವನ್ನು ನೀರಿಗೆ ಒಂದು ಗೇಣು ಎತ್ತರಕ್ಕೆ ಇಳಿಸಬೇಕು ಅಷ್ಟೆ.

ನೇರಗೆರೆ:
ವಾಲುವಿಕೆಗೆ ಲೆನ್ಸ್ ಕಾರಣ ಅಲ್ಲ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದ್ದೀರಿ. ಸೆನ್ಸರ್ ಹಿಂದಕ್ಕೆ ಓರೆಯಾದ ಕೂಡಲೇ ಲಂಬವಾದ ಗೆರೆಗಳು ಮೇಲೆ ಕೂಡಿಕೊಳ್ಳುತ್ತವೆ. ಅರಮನೆಯ ಎದುರಿನ, ಪೂರ್ವದ ಜಯಮಾರ್ತಾಂಡ ದ್ವಾರದ ಕಡೆಗೆ ಹಿಂದೆ ಸರಿದು, 24–35 ಎಂಎಂಗೆ ಬಂದು, ಕ್ಯಾಮೆರಾ ಮಟ್ಟಸವಾಗಿ ಹಿಡಿಯಿರಿ. ಕೆಳಗೆ ನೆಲ ಜಾಸ್ತಿ ಬರುತ್ತೆ, ಬರಲಿ, ಆಮೇಲೆ ಕ್ರಾಪ್ ಮಾಡಬಹುದು. ಈಗಿನ ಫೋಟೊವನ್ನು ಸಾಫ್ಟ್‌ವೇರಿನ ವರ್ಟಿಕಲ್ ಕರೆಕ್ಷನ್‌ನಲ್ಲಿ ತಿದ್ದಬಹುದು, ಆದರೆ ಕೆಳಗಿನ ಎರಡು ಮೂಲೆ ಖಾಲಿಯಾಗಿ, ಎರಡೂ ಬದಿ ಕತ್ತರಿಸಬೇಕಾಗುತ್ತೆ. ಎಡಗಡೆ ನಿಮಗೆ ಅಷ್ಟು ಜಾಗ ಇಲ್ಲ.

ಇನ್ನೊಂದು, ನೀವು ಗಮನಿಸಿಲ್ಲ ಅನ್ಸುತ್ತೆ: ನಡುವಿನಿಂದ ಬಲಕ್ಕೆ ಕೆಲವು ಹೆಜ್ಜೆ ಸರಿದು ನಿಂತಿದ್ದೀರಿ. ಮಧ್ಯದ ಕಮಾನಿನ ಮೇಲೆ ಗಜಲಕ್ಷ್ಮಿ ಇದ್ದಾಳಲ್ಲ, ಹಿಂದಿನ ದೊಡ್ಡ ಗೋಪುರದ ಚಿನ್ನದ ಕಳಶ ಅವಳ ನೆತ್ತಿಗೆ ನೇರ ಬರಬೇಕು. ನಿಮ್ಮ ಚಿತ್ರದಲ್ಲಿ ಕಳಶ ಬಲಕ್ಕೆ ಜರುಗಿದೆ. ಗೋಪುರ ಮುಂಗೋಡೆಗಿಂತ ಹಿಂದಿರೋದರಿಂದ ಇದನ್ನು ಯಾವ ಸಾಫ್ಟ್‌ವೇರೂ ಸರಿಮಾಡಲ್ಲ, ಕಾಲೇ ಸರಿಮಾಡಬೇಕು. ಸಮಮಿತಿಯೇ ಜೀವಾಳವಾದ ಕಟ್ಟಡ ಇದು. ಒಂದೋ ನಟ್ಟನಡುವೆ ನಿಲ್ಲಿ, ಇಲ್ಲವೇ ಧೈರ್ಯವಾಗಿ ಮೂಲೆಗೆ ಹೋಗಿ ಓರೆಯಾಗಿ ತೆಗೆಯಿರಿ. ಎರಡರ ನಡುವೆ ನಿಂತರೆ ತಪ್ಪಿದ ಹಾಗೆ ಕಾಣುತ್ತೆ.

ಹಸಿರು ಚುಕ್ಕಿ ಲೆನ್ಸಿನ ಮುಂದೆ ಹಾಕುವ ಯುವಿ ಫಿಲ್ಟರ್‌ದು. ದೀಪದ ಬೆಳಕು ಸೆನ್ಸರಿಗೆ ಬಡಿದು ಹಿಂತಿರುಗಿ ಫಿಲ್ಟರಿನ ಗಾಜಿಗೆ ತಾಗಿ ಮತ್ತೆ ಒಳಗೆ ಬರುತ್ತೆ. ಅದಕ್ಕೇ ಚುಕ್ಕಿಗಳ ಸಾಲು ಕಮಾನುಗಳ ತಲೆಕೆಳಗಾದ ನಕಲಿನ ಹಾಗಿದೆ ನೋಡಿ. ರಾತ್ರಿ ಫಿಲ್ಟರ್ ಬಿಚ್ಚಿಡಿ.

ಹವ್ಯಾಸಿ_ಮಂಡ್ಯ:
ಕಳಶದ ವಿಷಯ ಈಗ ನೋಡಿದೆ, ನಿಜ. ಧನ್ಯವಾದ ಇಬ್ಬರಿಗೂ. ಟ್ರೈಪಾಡ್ ಒಳಗೆ ಬಿಡದಿದ್ದರೆ 1 ಸೆಕೆಂಡ್ ಹೇಗೆ? ಮತ್ತೆ ಮುಂದೆ ಜನರ ತಲೆಗಳು?

ಮಂದಬೆಳಕು:
ಬಾಗಿಲಲ್ಲೇ ಸಿಬ್ಬಂದಿಯನ್ನು ಕೇಳಿಬಿಡಿ. ಬಿಡದಿದ್ದರೆ ಕ್ಯಾಮೆರಾ ಬ್ಯಾಗನ್ನೇ ಕಟ್ಟೆಯ ಮೇಲೋ ನೆಲದ ಮೇಲೋ ಇಟ್ಟು, ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ, 2 ಸೆಕೆಂಡ್ ಟೈಮರ್ ಹಾಕಿ. ಬೆರಳು ಒತ್ತಿದ ಅಲುಗಾಟ ಅಷ್ಟರಲ್ಲಿ ನಿಂತಿರುತ್ತೆ. ಕ್ಯಾಮೆರಾ ಕೂರಿಸಿದ್ದಾಗ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ. ಜೂನ್, ಜುಲೈನಲ್ಲಾದರೆ 6.30ಕ್ಕೆ ಹೋಗಿ ಜಾಗ ಹಿಡಿಯಿರಿ, ಬೆಳಕಿರುವಾಗಲೇ ಗಜಲಕ್ಷ್ಮಿಯ ಮೇಲೆ ಫೋಕಸ್ ಮಾಡಿ ಎಂಎಫ್‌ಗೆ (ಮ್ಯಾನುಯಲ್ ಫೋಕಸ್) ಹಾಕಿಬಿಡಿ. ದೀಪ ಹತ್ತುವ ಮುಂಚೆ, 6.55ಕ್ಕೆ, ಅದೇ ಜಾಗದಿಂದ ಒಂದು ಫ್ರೇಮ್ ಇಟ್ಟುಕೊಳ್ಳಿ. ಗುಮ್ಮಟಗಳ ಕೆಂಪು ಆಮೇಲೆ ದೀಪದ ಮುಂದೆ ಕಪ್ಪಾಗುತ್ತೆ, ಬೇಕಾದರೆ ಅದರಿಂದ ಬೆರೆಸಬಹುದು.

ತಲೆಗಳು 1 ಸೆಕೆಂಡಿನಲ್ಲಿ ಮಾಯವಾಗಲ್ಲ, ಮಸುಕು ದೆವ್ವಗಳಾಗುತ್ತವೆ. ಅವು ಕಪ್ಪು ನೆರಳಾಗಿ ಕೆಳಗಿನ ಅಂಚಿನಲ್ಲಿ ಒಂದೇ ಸಾಲಾಗಿ ಬಂದರೆ ಬಿಡಿ, ಕಟ್ಟಡದ ಗಾತ್ರ ಗೊತ್ತಾಗುತ್ತೆ. ತೊಂದರೆ ಕೊಡೋದು ಮೇಲೆತ್ತಿದ ಮೊಬೈಲ್ ಪರದೆಗಳು. ಹತ್ತಾರು ಫ್ರೇಮ್ ತೆಗೆದು ಪರದೆ ಕಡಿಮೆ ಇರೋದನ್ನ ಆರಿಸಿ.

ಶಿಲೆ_ಸುಣ್ಣ:
ಶೀರ್ಷಿಕೆ ತಿದ್ದಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಚಿತ್ರದಲ್ಲಿರೋದು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ವಿನ್ಯಾಸದ್ದು, 1912ಕ್ಕೆ ಮುಗಿದದ್ದು. ‘ಅಂಬಾವಿಲಾಸ ಅರಮನೆ, ಪೂರ್ವ ಮುಖ’ ಅಂತ ಬರೆದು ತಿಂಗಳು, ಸಮಯ ಹಾಕಿದರೆ ನೋಡುವವರಿಗೂ ಉಪಯೋಗ, ಜೂನ್‌ನಲ್ಲಿ ಮತ್ತೆ ತೆಗೆದಾಗ ಹೋಲಿಸೋಕೆ ನಿಮಗೂ ಅನುಕೂಲ.